ಹೋಲಿಕೆಯ ಊರು

ಮೊದಲ ಸುತ್ತು ಜೂನ್ ತಿಂಗಳು. ಚಿಪೆರೋನಿಯ ಜಿನುಗು.
ಮುಲಾಂಜೆ ಬೆಟ್ಟ ತಲೆಗೆ ಮುಸುಕೆಳೆದು ಮಲಗಿತ್ತು.
ಬೈಕಿನ ಹಿಂದೆ ಚೀಲ, ಚೀಲದಲ್ಲೊಂದು ಟ್ಯಾಬ್,
ಟ್ಯಾಬಿನಲ್ಲಿ ನೂರಾ ಹನ್ನೆರಡು ಪ್ರಶ್ನೆ,
ಮನೆಗೊಂದರಂತೆ ಬಟ್ಟೆ ಸೋಪು:
ಉತ್ತರದ ಕೂಲಿ.

ಹೊಳೆಯಾಚೆ ಚಿಕೂಟಿ. ಅಲ್ಲಿ ಹೆಂಗಸರಿಗೆ
ತಲೆಗೆರಡು ಆಡು, ವಾರಕ್ಕೊಂದು ಪಾಠ.
ಹೊಳೆಯೀಚೆ ನಾಂಬೇರಾ. ಇಲ್ಲಿಗೆ ಏನೂ ಇಲ್ಲ.
ಏನೂ ಕೊಡದಿದ್ದರೆ ಏನಾಗುತ್ತದೆ
ಎಂದು ತಿಳಿಯಲೂ ಒಂದು ಊರು ಬೇಕಲ್ಲ,
ಆ ಊರು ಇದು.
ಚೀಟಿ ಎತ್ತಿದ್ದು ಲಿಲೋಂಗ್ವೆಯ ಒಂದು ಕಂಪ್ಯೂಟರು.
ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ನನಗೂ ಇರಲಿಲ್ಲ.

ಮನೆ ನಂಬರ್ ನಲವತ್ತೇಳು.
ನಾಚಿಸಾಲೆ ತೊಗರಿ ಸುಲಿಯುತ್ತಿದ್ದಳು.
ಹೊಲ ಅವಳ ತಾಯಿಯಿಂದ ಬಂದದ್ದು,
ಗಂಡ ಲಿಕೋಸ್ವೆ ಮನೆಗೆ ಬಂದ ಅಳಿಯ;
ದುಡ್ಡು ಮಾತ್ರ ಅಳಿಯನ ಜೇಬಿಗೆ ದಾರಿ ಕಲಿತಿತ್ತು.

‘ಮನೆಯಲ್ಲಿ ಖರ್ಚಿನ ತೀರ್ಮಾನ ಯಾರದು?’
‘ಅವನದು.’
‘ಮೆಕ್ಕೆಜೋಳ ಯಾವಾಗ ಮಾರಬೇಕೆನ್ನುವುದು?’
‘ಅವನೇ.’
‘ನಿಮಗೆ ಜ್ವರ ಬಂದರೆ ಆಸ್ಪತ್ರೆಗೆ…’
‘ಇದೇನು ಕೇಳುವ ಮಾತೇ, ತಮ್ಮಾ?’

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ.
ನನ್ನ ಪಟ್ಟಿ ಮುಟ್ಟದ ಮೂಲೆಯಿರಲಿಲ್ಲ:
ಮಡಕೆಯ ತಳ, ಚಾಪೆಯ ಅಡಿ,
ಕಳೆದ ಏಳು ದಿನದಲ್ಲಿ ಊಟ ಬಿಟ್ಟ ರಾತ್ರಿಗಳು.
ಸೋಪು ಕೊಟ್ಟು ಹೊರಟೆ.

ಎರಡನೆಯ ಜೂನ್.
ಅದೇ ಪ್ರಶ್ನೆಗೆ ಅವಳ ಕೈ ನಿಂತಿತು.
‘ನಿನ್ನ ಪೆಟ್ಟಿಗೆಯಲ್ಲಿ ಬೇರೆ ಉತ್ತರಗಳೂ ಇವೆಯೋ?’
ನಿಯಮದಂತೆ ಓದಿದೆ:
ಒಂದು, ಗಂಡ. ಎರಡು, ಹೆಂಡತಿ.
ಮೂರು, ಇಬ್ಬರೂ. ನಾಲ್ಕು, ಇತರರು.
ತೊಂಬತ್ತೆಂಟು, ಗೊತ್ತಿಲ್ಲ.
‘ಎರಡು ಅಂತಲೂ ಉಂಟೇ!’
ಮೊರದ ಹೊಟ್ಟನ್ನು ಊದಿದಳು. ‘ಈ ಸಲಕ್ಕೆ ಒಂದೇ ಬರಕೊ.’

ಮೂರನೆಯ ಜೂನಿನಲ್ಲಿ
ನಾನು ಬೈಕ್ ನಿಲ್ಲಿಸುವ ಮೊದಲೇ ಕೂಗಿದಳು: ‘ಎರಡು!’
ಜಗಲಿಯಲ್ಲಿ ಸೈಕಲ್ ಟ್ಯೂಬಿಗೆ ತೇಪೆ ಹಾಕುತ್ತಿದ್ದ ಲಿಕೋಸ್ವೆ
ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.
‘ಮೂರು ಅಂತ ಆದರೂ ಬರೆಯೋ’ ಅಂದ, ನನಗಲ್ಲ, ಟ್ಯೂಬಿಗೆ.
ಒಂದು ಗಳಿಗೆ ಚೌಕಾಸಿ ನಡೆಯಿತು.
ಬಾವಿಯ ಬಳಿ ಹೆಂಗಸರು ಕೊಡ ಇಳಿಸುತ್ತ
ಒಬ್ಬರನ್ನೊಬ್ಬರು ಕೇಳುತ್ತಿದ್ದರು:
‘ನಿಮ್ಮದೇನೇ ಈಗ, ಒಂದೋ, ಎರಡೋ?’

ಬ್ಲಾಂಟೈರಿನ ಹೋಟೆಲಿನಲ್ಲಿ ತಂಪು ಸಭಾಂಗಣ.
ತೆರೆಯ ಮೇಲೆ ಎರಡು ಗೆರೆ,
ಚಿಕೂಟಿಯದು ನೀಲಿ, ನಾಂಬೇರಾದ್ದು ಬೂದು.
ಒಂದೇ ನೊಗ ಹೊತ್ತ ಎತ್ತುಗಳ ಹಾಗೆ
ಜೊತೆಜೊತೆಗೇ ಏರಿದ್ದವು.
ಕಳೆದರೆ ಉಳಿದದ್ದು ಸೊನ್ನೆ.
‘ಗಮನಾರ್ಹ ಪರಿಣಾಮ ಕಂಡುಬಂದಿಲ್ಲ.’
ಕಾಫಿಗೆ ಬಿಡುವು.

ಕೈ ಎತ್ತಿದೆ. ಬಾವಿಕಟ್ಟೆಯ ಮಾತು ಹೇಳಿದೆ.
ವಿದ್ವಾಂಸರು ಒಳ್ಳೆಯವರು, ಕೊನೆಯವರೆಗೂ ಕೇಳಿದರು,
ಅದಕ್ಕೊಂದು ಹೆಸರಿದೆ ಎಂದರು,
ಪುಟ ಅರವತ್ತೊಂದರಲ್ಲಿ ಒಂದು ಅಡಿಟಿಪ್ಪಣಿಯೂ ಆಯಿತು.
ಆಚೆ ದಡಕ್ಕೆ ಕೊಟ್ಟದ್ದು ಆಡು,
ಈಚೆ ದಡಕ್ಕೆ ಸಿಕ್ಕಿದ್ದು ಆಡಲು ಒಂದು ಮಾತು.
ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ
ಆ ಹೋಟೆಲಿನಲ್ಲಿರಲಿಲ್ಲ.
ಹಣ ನಿಂತಿತು. ಚಿಕೂಟಿಯ ಪಾಠ ನಿಂತಿತು.
ಆಡುಗಳಿಗೆ ವರದಿ ತಲುಪಿರಲಿಲ್ಲ, ಮರಿ ಹಾಕುತ್ತಲೇ ಇದ್ದವು.

ಉಳಿದ ಸೋಪು ಹಂಚಲು ಹೋದೆ, ಟ್ಯಾಬ್ ಇಲ್ಲದೆ.
ಬರಿಗೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.
ನಾಚಿಸಾಲೆ ಮೊರ ಪಕ್ಕಕ್ಕಿಟ್ಟಳು,
ಚಾಪೆ ತೋರಿಸಿದಳು, ಗಂಟಲು ಸರಿಮಾಡಿಕೊಂಡಳು,
ಥೇಟ್ ನನ್ನದೇ ದನಿಯಲ್ಲಿ:
‘ನಿಮ್ಮ ಮನೆಯಲ್ಲಿ ಖರ್ಚಿನ ತೀರ್ಮಾನ ಯಾರದು?’

ಹೆಂಡತಿ ಎಲಿನಾಲಾ ಕಳೆದ ವರ್ಷ
ಒಂದು ಹೊಲಿಗೆ ಯಂತ್ರದ ಬೆಲೆ ಹೇಳಿದ್ದಳು.
ನಾನು ಬೈಕಿಗೆ ಹೊಸ ಟೈರು ಹಾಕಿಸಿದ್ದೆ.

‘ತೊಂಬತ್ತೆಂಟು’ ಅಂದೆ.

ಅವಳು ನಗಲಿಲ್ಲ.
ನೆಲದ ಮೇಲೆ ಬೆರಳಲ್ಲಿ ಏನನ್ನೋ ಗೀಚಿ
‘ಮುಂದಿನ ಜೂನಿಗೆ ಬಾ,
ಮತ್ತೆ ಕೇಳುತ್ತೇನೆ’ ಅಂದಳು.